‘ಆದರೆ’ಯ ಆಚೆ ಈಚೆ

ಜೂನ್ 2, ಭಾನುವಾರ

ಇವತ್ತು ನಮ್ಮ ಊಟದ ಮೇಜಿನ ಮೇಲೆ ಎರಡು ಕಾರುಗಳು ಡಿಕ್ಕಿ ಹೊಡೆದವು.

ಪತ್ರಿಕೆಯ ವಾಹನ ಪುಟದಲ್ಲಿ ತಮ್ಮನ ಹೋಲಿಕೆ ವಿಮರ್ಶೆ ಬಂದಿದೆ. ಮನೆಮಂದಿಗೆಲ್ಲ ಆಗುವಂಥ ಎರಡು ಸೆಡಾನ್‌ಗಳು. ಕಂಪನಿಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮದುವೆಯಾದಾಗಿನಿಂದ ಅವನ್ನು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ಫೋಟೋದಲ್ಲಿ ಒಂದು ಬಿಳಿ, ಒಂದು ನೀಲಿ. ಅಷ್ಟು ಸಾಕು. ಬಿಳಿಯದನ್ನು ಮಾರುವ ಷೋರೂಮಿನಲ್ಲಿ ಇವರು ಮಾರಾಟದ ಮುಖ್ಯಸ್ಥರು. ತಮ್ಮನ ಪ್ರಕಾರ ಗೆದ್ದದ್ದು ನೀಲಿ.

“ಓದು, ನಿನ್ನ ತಮ್ಮನ ಕೈಚಳಕ ಓದು,” ಎಂದು ಇವರು ಪುಟವನ್ನು ನನ್ನ ತಟ್ಟೆಯ ಮೇಲೆಯೇ ಎಸೆದರು.

“ಎರಡು ಕಾರು ಓಡಿದ್ರೆ ಒಂದು ಹಿಂದೆ ಬೀಳ್ಲೇಬೇಕಲ್ಲ?”

“ಇದು ಬಿದ್ದಿದ್ದಲ್ಲ ಕಣೇ, ಬೀಳಿಸಿದ್ದು. ಅಪ್ಪಟ ಪಕ್ಷಪಾತ!”

“ಹೊಗಳಿದ್ರೆ ವಿಮರ್ಶೆ, ತೆಗಳಿದ್ರೆ ಪಕ್ಷಪಾತ. ಇದೇ ಮೇಜಿಗೆ ಕೂತು ಅವನಿಗೆ ಏನು ಹೇಳಿದ್ರಿ? ‘ನನ್ನ ಮುಖ ನೋಡಿ ಮಣೆ ಹಾಕ್ಬೇಡ ಮಾರಾಯ, ಇದ್ದದ್ದು ಇದ್ದ ಹಾಗೆ ಬರಿ’ ಅಂದಿರಲಿಲ್ವಾ? ಬರೆದಿದ್ದಾನೆ. ಈಗ ಅನುಭವಿಸಿ.”

ಟಿವಿಯ ಮುಂದೆ ಕೂತಿದ್ದ ಅತ್ತೆ ತಿರುಗದೆಯೇ ಹೇಳಿದರು: “ಲೋಕದಲ್ಲೆಲ್ಲ ಬಾಮೈದ ಅನ್ನೋನು ಭಾವನ ಗಾಡಿ ಕೆಟ್ಟು ನಿಂತ್ರೆ ತಳ್ಳಿಕೊಡ್ತಾನೆ. ನಮಗೆ ಸಿಕ್ಕಿರೋನು ಚಕ್ರಕ್ಕೆ ಮೊಳೆ ಇಡ್ತಾನೆ.”

ಅತ್ತೆಗೆ ಕಿವಿ ಮಂದ ಎಂದು ಯಾರು ಹೇಳಿದರೋ.

ನಾನು ಪುಟವನ್ನು ಒರೆಸಿ ಮಡಚಿಟ್ಟೆ. ಕಾರಿನ ವಿಮರ್ಶೆಗಳನ್ನು ನಾನು ಓದುವುದಿಲ್ಲ. ಈ ಸಲದ್ದರಲ್ಲಿ ನನಗೊಂದು ಪಾತ್ರವಿತ್ತು ಅಷ್ಟೆ. “ಹಿಂದಿನ ಸೀಟಿಗೆ ಒಬ್ಬರು ಬೇಕು, ಬಾ ಅಕ್ಕ,” ಎಂದು ಹೋದ ತಿಂಗಳು ಎರಡೂ ಕಾರುಗಳಲ್ಲಿ ನನ್ನನ್ನು ಕೂರಿಸಿಕೊಂಡು ಬೆಟ್ಟದ ರಸ್ತೆ ಹತ್ತಿಸಿ ಇಳಿಸಿದ್ದ. ತಮ್ಮನ ನಾಲಿಗೆ ಒರಟು, ಆದರೆ ಮನಸ್ಸು ಚೊಕ್ಕ. ಕಾಸಿಗೋ ಮುಲಾಜಿಗೋ ಬರೆಯುವವನಲ್ಲ. ಇವರ ಮನಸ್ಸು ಕೆಟ್ಟದ್ದೆಂದು ಹೇಳಲಾರೆ, ಆದರೆ ಆ ನಾಲಿಗೆ! ಜೀವಮಾನವೆಲ್ಲ ಒಂದೇ ಕಂಪನಿಯ ಗುಣಗಾನ ಮಾಡಿದವರಿಗೆ ಸತ್ಯವೂ ಪೈಪೋಟಿಯ ಮಾಲಿನಂತೆಯೇ ಕಾಣುತ್ತದೇನೋ.

ಜೂನ್ 3, ಸೋಮವಾರ

ಕಚೇರಿಯಲ್ಲಿ ಏಳನೆಯ ತರಗತಿಯ ಪಠ್ಯದ ಕರಡು. ಬೆಳಿಗ್ಗೆಯಿಂದ ಅಲ್ಪವಿರಾಮಗಳನ್ನು ಹೆಕ್ಕುತ್ತ ಕೂತಿದ್ದೆ. ಇಷ್ಟು ವರ್ಷ ಕಾವ್ಯ ಓದಿದ್ದಕ್ಕೆ ಸಿಕ್ಕ ಉದ್ಯೋಗ ಇದು, ಯಾರೋ ಬರೆದ ವಾಕ್ಯದ ಕಾಲು ಒತ್ತುವುದು.

ಪಕ್ಕದ ಮೇಜಿನಾಕೆ ಓಡೋಡಿ ಬಂದಳು. “ನಿಮ್ಮ ತಮ್ಮ ಬರ್ದಿದ್ದು ಓದಿ ನಿನ್ನೆನೇ ನೀಲಿ ಬುಕ್ ಮಾಡಿಬಿಟ್ವಿ ರೀ!”

“ಬಿಳಿದನ್ನ ನೋಡಬೇಕು ಅಂತಿದ್ರಲ್ಲ? ನಮ್ಮೆಜಮಾನ್ರ ಹತ್ರ ಮಾತೂ ಆಡಿದ್ರಿ.”

“ಆಡಿದ್ದೆ. ಸ್ವಂತ ಭಾವ ಮಾರೋ ಕಾರನ್ನೇ ಬೈದಿದಾನೆ ಅಂದ್ರೆ ಅದು ಸತ್ಯವೇ ಇರ್ಬೇಕಲ್ವಾ? ಅಂಥವರು ಈಗ ಎಲ್ಲಿ ಸಿಗ್ತಾರೆ ಹೇಳಿ.”

ಹೆಮ್ಮೆಯಾಯಿತು. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಮುಖ ನೋಡಬೇಕಿತ್ತು.

ಜೂನ್ 5, ಬುಧವಾರ

ಷೋರೂಮಿನ ಮಾಲೀಕರು ಆ ಪುಟವನ್ನು ಸಿಬ್ಬಂದಿ ಟೀ ಕುಡಿಯುವ ಕೋಣೆಯಲ್ಲಿ ಅಂಟಿಸಿದ್ದಾರಂತೆ. ಕೆಳಗೆ ಯಾರೋ ಬರೆದಿದ್ದಾರಂತೆ: “ಬಾಮೈದನನ್ನು ಹಿಡಿಯಲಾರದವರು ಗಿರಾಕಿಯನ್ನು ಹಿಡಿದಾರೇ?”

ಇವರು ಇದನ್ನು ಹೇಳುವಾಗ ಷೂ ಬಿಚ್ಚುತ್ತಿದ್ದರು. ಲೇಸು ಗಂಟಾಗಿ ಕೂತಿತ್ತು. ನಾನು ಸಹಾಯ ಮಾಡಲಿಲ್ಲ.

ಜೂನ್ 9, ಭಾನುವಾರ

ಭಾನುವಾರ ಬೆಳಿಗ್ಗೆ ತಮ್ಮ ತಿಂಡಿಗೆ ಬರುವುದು ರೂಢಿ. ತಿಂದು, ನನ್ನ ಕಪಾಟಿನಿಂದ ಒಂದು ಕವನಸಂಕಲನ ಎತ್ತಿಕೊಂಡು, ಹಳೆಯದನ್ನು ಎಣ್ಣೆಯ ಕಲೆಯ ಸಮೇತ ಹಿಂತಿರುಗಿಸಿ ಹೋಗುತ್ತಾನೆ. ಅಪ್ಪ ಅಮ್ಮ ಹೋದ ಮೇಲೆ ತವರು ಅಂತ ನನಗಿರುವುದು ಆ ಎಣ್ಣೆಯ ಕಲೆ ಮಾತ್ರ.

ಇವತ್ತು ಅವನು ಬರುವ ಮುಂಚೆಯೇ ಇವರು ಬಾಗಿಲಿಗೆ ಅಡ್ಡ ನಿಂತರು. ಈ ವಾರ ಸಾಲಾಗಿ ಬುಕಿಂಗ್ ರದ್ದಾಗಿವೆ. ಮಾಲೀಕರು ಇವರನ್ನು ಹಿಂದಿನ ಅಂಗಳಕ್ಕೆ, ಹಳೆ ಕಾರುಗಳ ವಿಭಾಗಕ್ಕೆ ಹಾಕುವ ಮಾತಾಡಿದ್ದಾರೆ.

“ಸರಿಮಾಡಿ ಬರೆಯೋವರೆಗೂ ಅವನು ಈ ಹೊಸ್ತಿಲು ತುಳೀಕೂಡದು.”

“ಇದು ನನ್ನ ಮನೆಯೂ ಹೌದು ರೀ.”

“ಹೌದು. ನಡೀತಿರೋದು ಮಾತ್ರ ಬಿಳಿ ಕಾರಿಂದ.”

ಎಂಥ ಮಾತು! ಕರಡಿನಲ್ಲಿ ಇಂಥ ವಾಕ್ಯ ಬಂದಿದ್ದರೆ ಅಡ್ಡಗೆರೆ ಎಳೆದು ಬಿಸಾಡುತ್ತಿದ್ದೆ. ಬಾಳಿನ ಕರಡಿಗೆ ಕೆಂಪು ಪೆನ್ಸಿಲ್ ಕೊಟ್ಟವರಿಲ್ಲ.

ತಮ್ಮನಿಗೆ ಫೋನು ಮಾಡಿ ಬರಬೇಡ ಎಂದೆ. “ಭಾವ ಇನ್ನೂ ಫಸ್ಟ್ ಗೇರಲ್ಲೇ ಗುರ್ ಅಂತಿದ್ದಾರಾ?” ಎಂದು ನಕ್ಕ. ನಗಲಿ. ಅವನಿಗಲ್ಲದೆ ಇನ್ಯಾರಿಗೆ ನಗುವ ಹಕ್ಕಿದೆ? ಮಾಡಿಟ್ಟ ತಿಂಡಿಯನ್ನು ಮುಚ್ಚಿಟ್ಟೆ. ಇವರೂ ತಿನ್ನಲಿಲ್ಲ. ಅತ್ತೆ ಎರಡು ಸಲ ಬಡಿಸಿಕೊಂಡರು.

ಜೂನ್ 12, ಬುಧವಾರ

ಇವರ ಬಾಯಿ ಮುಚ್ಚಿಸಲೆಂದೇ ಇವತ್ತು ಆ ವಿಮರ್ಶೆಯನ್ನು ಮೊದಲ ಸಲ ಪೂರ್ತಿ ಓದಿದೆ. ಪಕ್ಷಪಾತ ಎಲ್ಲಿದೆ ತೋರಿಸಿ ಅಂತ ಸವಾಲು ಹಾಕೋಣವೆಂದು. ಕೆಂಪು ಪೆನ್ಸಿಲ್ ಕೈಯಲ್ಲಿತ್ತು, ಅಭ್ಯಾಸಬಲ.

ನೀಲಿಯ ಬಗ್ಗೆ: “ಎಂಜಿನ್ ಸದ್ದು ಮಾಡುತ್ತದೆ, ಆದರೆ ಏರಿನಲ್ಲಿ ದಣಿಯುವುದಿಲ್ಲ.”

ಬಿಳಿಯ ಬಗ್ಗೆ: “ಏರಿನಲ್ಲಿ ದಣಿಯುವುದಿಲ್ಲ, ಆದರೆ ಎಂಜಿನ್ ಸದ್ದು ಮಾಡುತ್ತದೆ.”

ಎರಡು ಸಲ ಓದಿದೆ. ನೀಲಿಯ ಬ್ರೇಕ್ ಬಿಗಿ, ಆದರೆ ನಂಬಿಕಸ್ಥ. ಬಿಳಿಯ ಬ್ರೇಕ್ ನಂಬಿಕಸ್ಥ, ಆದರೆ ಬಿಗಿ. ನೀಲಿಯ ಡಿಕ್ಕಿ ಚಿಕ್ಕದು, ಆದರೆ ಅಚ್ಚುಕಟ್ಟು. ಬಿಳಿಯ ಡಿಕ್ಕಿ ದೊಡ್ಡದು, ಆದರೆ ತುಂಬಿದಷ್ಟೂ ಖಾಲಿ ಖಾಲಿ.

ಪಠ್ಯಪುಸ್ತಕದಲ್ಲಿ ನಾನು ಇಂಥದ್ದನ್ನು ಎಷ್ಟು ತಿದ್ದಿಲ್ಲ! ‘ಆದರೆ’ಗೆ ಮುಂಚೆ ಹೇಳಿದ್ದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಅದು ಬಾಗಿಲಲ್ಲಿ ಕೊಡುವ ಉಪಚಾರದ ನೀರು. ಊಟ ಏನಿದ್ದರೂ ಆಮೇಲಿನದು. ಪದ್ಯ ಓದುವವರಿಗಂತೂ ಗೊತ್ತು, ಸಾಲಿನ ತುದಿಯಲ್ಲಿ ನಿಂತ ಪದ ಇಡೀ ಸಾಲನ್ನು ತನ್ನತ್ತ ವಾಲಿಸಿಕೊಳ್ಳುತ್ತದೆ. ಇಲ್ಲಿ ಸಾಲುಗಳೆಲ್ಲ ಒಂದೇ ಕಡೆ ವಾಲಿವೆ.

ಅಷ್ಟಕ್ಕೇ ಮುಗಿಯಲಿಲ್ಲ. “ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ನಮ್ಮೊಂದಿಗೆ ಬಂದ ಹಿರಿಯರೊಬ್ಬರು ದಾರಿಯುದ್ದಕ್ಕೂ ಲವಲವಿಕೆಯಿಂದ ಮಾತಾಡುತ್ತಿದ್ದರು.”

ಆ ಹಿರಿಯರು ನಾನು! ದಾರಿಯುದ್ದಕ್ಕೂ ಮಾತಾಡಿದ್ದು ನಿಜ. “ಸೊಂಟ ಹೋಯ್ತು ಕಣೋ, ನಿಧಾನ ಕಣೋ, ಇದು ಸೀಟೋ ಹಲಗೆಯೋ” ಎಂದು ಮಾತಾಡಿದ್ದೆ.

ಬಿಳಿಯಲ್ಲಿ? “ಹಿಂದೆ ಕೂತವರಿಗೆ ಒಂದು ಬಗೆಯ ಮಂಕು ಕವಿಯುತ್ತದೆ.” ಬಿಳಿ ಕಾರಿನಲ್ಲಿ ನನಗೆ ನಿದ್ದೆ ಬಂದಿತ್ತು. ಬೆಟ್ಟದ ತಿರುವುಗಳಲ್ಲೂ ಎಚ್ಚರವಾಗದಂಥ, ಎಷ್ಟೋ ತಿಂಗಳ ಮೇಲೆ ಬಂದ ಹಾಯಾದ ನಿದ್ದೆ. ಇಳಿಯುವಾಗ ಅವನಿಗೆ ಹೇಳಿಯೂ ಇದ್ದೆ.

ಒಂದೂ ಸುಳ್ಳಿಲ್ಲ. ಪೂರ್ತಿ ಸುಳ್ಳು.

ನೀಲಿಯವರು ಏನು ಕೊಟ್ಟರೋ ಇವನಿಗೆ! ಇವರಿಗೆ ಹೇಳಲಿಲ್ಲ. ‘ನಾನು ಹೇಳಲಿಲ್ವಾ’ ಎಂಬ ಆ ಮುಖವನ್ನು ನೋಡುವ ಶಕ್ತಿ ನನಗಿಲ್ಲ.

ಜೂನ್ 16, ಭಾನುವಾರ

ತಮ್ಮನನ್ನು ಅವನ ಪತ್ರಿಕೆಯ ಕಟ್ಟಡದ ನೆಲಮಾಳಿಗೆಯಲ್ಲಿ ಹಿಡಿದೆ. ಪರೀಕ್ಷೆಗೆ ಬಂದ ಕಾರುಗಳು ನಿಲ್ಲುವ ಜಾಗ. ಟಯರಿನ ವಾಸನೆ, ಒಂದು ಮಿಣಿಮಿಣಿ ದೀಪ. ಅವನು ಯಾವುದೋ ಕಾರಿನ ಡಿಕ್ಕಿಗೆ ಸೂಟ್‌ಕೇಸು ತುರುಕಿ ಅಳತೆ ನೋಡುತ್ತಿದ್ದ.

“ಯಾರ ಹತ್ರ ಏನು ತಗೊಂಡೆ?”

“ಸೂಟ್‌ಕೇಸಾ? ನಮ್ಮ ಕಚೇರಿದೇ ಅಕ್ಕ.”

“ನೀಲಿಯವರ ಹತ್ರ ಏನು ತಗೊಂಡೆ ಅಂತ ಕೇಳಿದ್ದು.”

ಕೆಂಪು ಗೆರೆಗಳ ಪುಟವನ್ನು ಬಾನೆಟ್ಟಿನ ಮೇಲೆ ಹರಡಿದೆ. ಮೊದಲು ನಕ್ಕ. ಬಗ್ಗಿ ಓದುತ್ತ ಓದುತ್ತ ನಗು ಇಳಿಯಿತು.

“ನೀನೊಬ್ಬಳೇ ಇದನ್ನ ಹಿಡಿದದ್ದು,” ಎಂದ. ಸಿಕ್ಕಿಬಿದ್ದ ಕಳ್ಳ ಪೊಲೀಸರನ್ನು ಮೆಚ್ಚಿಕೊಂಡ ಹಾಗಿತ್ತು.

“ಮೊದಲು ಹಿರಿಯರು ಯಾರೋ ಹೇಳು. ನಿನಗಿಂತ ಎಷ್ಟು ದೊಡ್ಡವಳೋ ನಾನು? ಹಿರಿಯರಂತೆ!”

“ಅಕ್ಕ, ಕೇಳು. ಮೊದಲು ಬರೆದಾಗ ಎಲ್ಲಾ ತಿರುವುಮುರುವು ಇತ್ತು. ಬಿಳಿನೇ ಗೆದ್ದಿತ್ತು.”

ನಾನು ಪುಟವನ್ನು ನನ್ನ ಕಡೆಗೆ ಎಳೆದುಕೊಂಡೆ.

“ಬರೆದು ಮುಗಿಸಿ ಓದಿದ್ರೆ ಸಾಲುಸಾಲಿಗೂ ಭಾವನ ಮುಖವೇ ಕಾಣ್ತಿತ್ತು. ಭಾವ ಅಲ್ಲಿ ಕೆಲಸ ಮಾಡ್ತಾರೆ ಅಂತ ನಮ್ಮ ಸಂಪಾದಕರಿಗೆ ನಾನು ಹೇಳಿಲ್ಲ. ಹೇಳಿದ್ರೆ ಆ ಹೋಲಿಕೆ ಬೇರೆಯವರ ಪಾಲಾಗ್ತಿತ್ತು. ನಾಳೆ ಗೊತ್ತಾಗಿ, ‘ಭಾವನ ಕಾರಿಗೆ ಬಾಮೈದನ ಸರ್ಟಿಫಿಕೇಟು’ ಅಂದುಬಿಟ್ರೆ? ಒಂದು ವಾಕ್ಯ ತಿರುಗಿಸಿದೆ, ತೂಕ ಸರಿಹೋಗ್ಲಿ ಅಂತ. ಆಮೇಲೆ ಇನ್ನೊಂದು. ನೋಡ್ತಾ ನೋಡ್ತಾ ನೀಲಿ ಗೆದ್ದುಬಿಡ್ತು.”

“ಮುಖ ನೋಡಿ ಮಣೆ ಹಾಕ್ಬೇಡ ಅಂದಿದ್ರು ಅವರು. ಮುಖ ನೋಡಿ ಮಣೆ ಎಳ್ಕೋ ಅಂದಿದ್ರಾ? ಕೂರೋಕೆ ಹೋದ ಮನುಷ್ಯ ದೊಪ್ಪಂತ ಬಿದ್ದಿದ್ದಾರೆ ಕಣೋ ಅಲ್ಲಿ!”

ಅವನು ಸೂಟ್‌ಕೇಸಿನ ಮೇಲೆ ಕುಸಿದು ಕೂತ. “ಬರೆದುಬಿಡ್ತೀನಿ ಅಕ್ಕ. ಹೀಗಾಯ್ತು, ಹೀಗೆ ತಿರುಗಿಸಿದೆ ಅಂತ ಪೂರ್ತಿ. ಅಂಕಣ ಹೋದ್ರೆ ಹೋಗ್ಲಿ, ಕೆಲಸ ಹೋದ್ರೂ ಹೋಗ್ಲಿ. ಪುಟ ಶನಿವಾರ ಸಂಜೆ ಅಚ್ಚಿಗೆ ಹೋಗುತ್ತೆ. ಅಷ್ಟರೊಳಗೆ ಭಾವನಿಗೆ ನೀನೇ ಒಂದು ಮಾತು ಹೇಳು.”

ಅವನ ಕಣ್ಣು ತುಂಬಿತ್ತು. ತಲೆ ಸವರಬೇಕೆನಿಸಿತು, ಸವರಲಿಲ್ಲ. ತಪ್ಪು ಮಾಡಿದ್ದಾನೆ, ಆದರೆ ಕೆಲಸವನ್ನೇ ಪಣಕ್ಕಿಡಲು ಹೊರಟ ಎದೆಗಾರಿಕೆ ಎಷ್ಟು ಜನಕ್ಕಿದೆ?

ಜೂನ್ 18, ಮಂಗಳವಾರ

ಇವರನ್ನು ಹಿಂದಿನ ಅಂಗಳಕ್ಕೆ ಹಾಕಿದ್ದಾರೆ. ನಿನ್ನೆಯೇ. ನನಗೆ ಹೇಳಿದ್ದು ಅತ್ತೆ.

ಸಂಜೆ ಪಕ್ಕದ ಮೇಜಿನಾಕೆ ತನ್ನ ಹೊಸ ನೀಲಿ ಕಾರಿನಲ್ಲಿ ಮನೆಯವರೆಗೆ ಬಿಟ್ಟಳು. ಹಿಂದಿನ ಸೀಟು ಅದೇ ಹಲಗೆ. “ಹೇಗಿದೆ ರೀ?” ಎಂದಳು, ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತ.

“ಲವಲವಿಕೆ ಬರುತ್ತೆ,” ಎಂದೆ.

ಮನೆಯ ತಿರುವಿನಲ್ಲಿಯೇ ಇಳಿದುಕೊಂಡೆ. ಇವರ ಕಣ್ಣಿಗೆ ಆ ಕಾರು ಬೀಳುವುದು ಬೇಡ ಅನ್ನಿಸಿತು.

ಜೂನ್ 22, ಶನಿವಾರ

ಇವರಿಗೆ ಹೇಳದೆ ವಾರ ಕಳೆದಿತ್ತು. ಮನೆಯಲ್ಲಿ ಹೇಳಿದರೆ ಅತ್ತೆ ನಡುವೆ ಬಾಯಿ ಹಾಕುತ್ತಾರೆ. ಮಧ್ಯಾಹ್ನ ಷೋರೂಮಿಗೇ ಹೋದೆ.

ಮುಂದೆ ಗಾಜು, ತಂಪು ಗಾಳಿ, ನಗುವ ಹುಡುಗಿಯರು. ಹಿಂದೆ ತಗಡಿನ ಮಾಡು, ಎಣ್ಣೆ ಜಿಡ್ಡಿನ ನೆಲ, ಒಂದರ ಬೆನ್ನಿಗೊಂದು ನಿಂತ ಹಳೆಯ ಕಾರುಗಳು. ಇವರು ಟೈ ಬಿಚ್ಚಿರಲಿಲ್ಲ. ಆ ಬಿಸಿಲಿನಲ್ಲೂ ಟೈ! ಅದನ್ನು ನೋಡಿ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಮಾಲೀಕರ ಮೇಲೆ, ತಮ್ಮನ ಮೇಲೆ, ನೀಲಿ ಬಣ್ಣದ ಮೇಲೆ.

ವಿನಿಮಯಕ್ಕೆ ಬಂದ ಒಂದು ಹಳೆ ನೀಲಿಯನ್ನು ಇವರೇ ಗಿರಾಕಿಗಳಿಗೆ ತೋರಿಸುತ್ತಿದ್ದರು. ಗಂಡ, ಹೆಂಡತಿ, ಒಬ್ಬ ಅಜ್ಜಿ.

“ಸೀಟು ಗಟ್ಟಿ ಅಮ್ಮ, ಸುಳ್ಳು ಹೇಳಲ್ಲ. ಒಂದು ದಿಂಬು ಇಟ್ಕೊಳ್ಳಿ. ಮಿಕ್ಕಿದ್ದೆಲ್ಲ ಚೆನ್ನಾಗಿದೆ.”

“ನಿಮ್ಮ ಕಂಪನಿದಲ್ಲದ ಕಾರನ್ನ ಇಷ್ಟು ಹೊಗಳ್ತೀರಲ್ಲ,” ಎಂದ ಗಂಡ.

“ಹೊಗಳಿದ್ದೆಲ್ಲಿ ಸ್ವಾಮಿ? ದಿಂಬು ಇಟ್ಕೊಳ್ಳಿ ಅಂದೆ.”

ಅವರು ಹೋದ ಮೇಲೆ ಹಳೆಯ ಕಾರೊಂದರ ಮುಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ‘ಆದರೆ’ಗಳನ್ನು, ಮಂಕನ್ನು, ಲವಲವಿಕೆಯನ್ನು, ನನ್ನ ತಮ್ಮ ವಾಕ್ಯಗಳನ್ನು ತಿರುಗಿಸಿದ್ದನ್ನು. ಇವತ್ತು ಸಂಜೆ ಎಲ್ಲವನ್ನೂ ಒಪ್ಪಿ ಬರೆದುಕೊಡುತ್ತಾನೆ ಎಂದೂ ಹೇಳಿದೆ. ಕಿರುಚಾಡುತ್ತಾರೆಂದು ಕಿಟಕಿಯ ಗಾಜು ಏರಿಸಿಟ್ಟುಕೊಂಡಿದ್ದೆ.

ಇವರು ಸ್ಟೀರಿಂಗನ್ನೇ ನೋಡುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: “ಅಂದ್ರೆ... ಬಿಳಿನೇ ಗೆದ್ದಿತ್ತಾ?”

“ಹೂಂ.”

“ಎಷ್ಟರಲ್ಲಿ? ಕೂದಲೆಳೆಯಲ್ಲೋ, ಚೆನ್ನಾಗೇನೋ?”

“ಚೆನ್ನಾಗೇ ಇರ್ಬೇಕು. ನಾನೇ ನಿದ್ದೆ ಹೋಗಿದ್ನಲ್ಲ.”

ಇವರು ನಕ್ಕರು! ಈ ತಿಂಗಳಲ್ಲಿ ಮೊದಲ ಸಲ. ಆ ಸ್ಟೀರಿಂಗಿನ ಮೇಲೆ, ಗೆದ್ದ ಕುದುರೆಯ ಕತ್ತು ತಟ್ಟುವ ಹಾಗೆ, ಎರಡು ಸಲ ತಟ್ಟಿದರು. ನಾನು ಬೇರೆ ಕಡೆ ನೋಡಿದೆ.

“ಬರೀಬೇಡ ಅನ್ನು ಅವನಿಗೆ,” ಎಂದರು.

“ಯಾಕೆ? ನೀವೇ ಕೇಳಿದ್ರಲ್ಲ, ಸರಿಮಾಡಿ ಬರೀಲಿ ಅಂತ.”

“ಬರೆದ್ರೆ ಇವತ್ತೇ ಅವನನ್ನ ತೆಗೀತಾರೆ. ನಮ್ಮ ಮಾಲೀಕರು ಅದನ್ನೂ ಅಂಟಿಸ್ತಾರೆ, ಹೆಂಡತಿ ಕೈಲಿ ಹೇಳಿಸಿ ಬರೆಸಿದ ಅಂತಾರೆ. ನಾನಂತೂ ಗುಜರಿಗೆ ಬಂದಾಯ್ತು. ಒಂದೇ ಮನೆಯಿಂದ ಎರಡೆರಡು ಗಾಡಿ ಯಾಕೆ?”

“ಹಾಗಾದ್ರೆ ನಾಳೆ ತಿಂಡಿಗೆ ಕರೀಲಾ?”

“ಕರೀಬೇಡ. ನನಗೆ ಅವನ ಮುಖ ನೋಡೋಕಾಗಲ್ಲ.” ಬಾಗಿಲನ್ನು ಧಡಾರೆಂದು ಹಾಕಿಕೊಂಡು ಇಳಿದು ಹೋದರು. ಹಳೆಯ ಕಾರು, ಇಡೀ ಮೈ ನಡುಗಿತು.

ಅಲ್ಲೇ ಕೂತು ತಮ್ಮನಿಗೆ ಫೋನು ಮಾಡಿದೆ. “ಬರೀಬೇಡವಂತೆ.”

“ಅಬ್ಬ!” ಎಂದ.

ಅಷ್ಟೇ. ಆಮೇಲೆ ಏನೇನೋ ಹೇಳಿದ, ಭಾವ ದೊಡ್ಡ ಮನುಷ್ಯ ಎಂದೆಲ್ಲ. ನನ್ನ ಕಿವಿ ಆ ‘ಅಬ್ಬ’ದಿಂದ ಮುಂದಕ್ಕೆ ಹೋಗಲಿಲ್ಲ.

ಜೂನ್ 23, ಭಾನುವಾರ

ವಾಹನ ಪುಟದಲ್ಲಿ ತಮ್ಮನ ಲೇಖನ: ವೈಪರ್‌ಗಳನ್ನು ಕಾಪಾಡಿಕೊಳ್ಳುವ ಬಗೆ. ಪುಟದ ತುಂಬ. ಚಿತ್ರಗಳು, ಚಿತ್ರದೊಳಗೆ ಬಾಣದ ಗುರುತುಗಳು, ಮೂವರು ಮೆಕ್ಯಾನಿಕ್‌ಗಳ ಮಾತು.

ಕರಡು ತಿದ್ದುವವಳಿಗೆ ಇಷ್ಟೂ ತಿಳಿಯುವುದಿಲ್ಲವೇ? ಇದು ನಿನ್ನೆ ನಾನು ಫೋನು ಇಟ್ಟ ಮೇಲೆ ಬರೆದದ್ದಲ್ಲ.

ಜುಲೈ 7, ಭಾನುವಾರ

ಬೆಳಿಗ್ಗೆ ಗೇಟಿನ ಆಚೆ ಹಾರ್ನು. ತಮ್ಮ. ಯಾವುದೋ ಹೊಸ ಕಾರು, ಕಡುಗೆಂಪು.

ಇವರು ಕಿಟಕಿಯಿಂದ ನೋಡಿ ಪರದೆ ಎಳೆದರು. “ನಿನ್ನ ತಮ್ಮ. ಅಲ್ಲೇ ನಿಲ್ಲಿಸಿ ಮಾತಾಡ್ಸು.”

“ಮೊಳೆ ಡಬ್ಬ ಎಲ್ಲಿಟ್ಟಿದ್ದೀರೋ ನೋಡ್ಕೊಳ್ಳಿ,” ಎಂದರು ಅತ್ತೆ.

ನಾನು ಗೇಟಿನ ಈಚೆ ನಿಂತೆ. ಅವನು ಕಾರಿನೊಳಗಿಂದಲೇ ಒಂದು ಸಂಕಲನವನ್ನು ಚಾಚಿದ, ಎಣ್ಣೆಯ ಕಲೆ ಇರಲಿಲ್ಲ. ಒರೆಸಿ ತಂದಿದ್ದ.

“ಬಾ ಅಕ್ಕ. ಮುಂದಿನ ಹೋಲಿಕೆಗೆ ಹಿಂದಿನ ಸೀಟು ಖಾಲಿ ಇದೆ.”

“ನಿದ್ದೆ ಬಂದ್ರೆ ನಿದ್ದೆ ಅಂತ ಬರೀತೀಯಾ?”

ಅವನು ಮುಂದಿನ ಗಾಜಿನಾಚೆ ನೋಡಿದ. ಕೈ ಗೇರಿನ ಮೇಲಿತ್ತು.

“ಆ ವೈಪರ್ ಲೇಖನ ಯಾವಾಗ ಬರೆದೆ?”

“ಅಕ್ಕ... ಅದು ಸುಮ್ಮನೆ, ಒಂದು ವೇಳೆ ಬೇಕಾದ್ರೆ ಇರ್ಲಿ ಅಂತ...”

“ಸರಿ, ಹೋಗು. ಬಿಸಿಲಾಗುತ್ತೆ.”

ತಿರುಗಿ ಬಾಗಿಲಿಗೆ ಬರುವಷ್ಟರಲ್ಲಿ ಇವರು ಒಳಗೇ ನಿಂತು, ಪರದೆಯ ಸಂದಿಯಿಂದ ಕಣ್ಣು ತೆಗೆಯದೆ, ಗೊಣಗಿದರು: “ಎಡಗಡೆ ಹಿಂದಿನ ಟಯರಲ್ಲಿ ಗಾಳಿ ಇಲ್ಲ. ಆ ತಿರುವಿನಲ್ಲಿ ಜೋರಾಗಿ ಹೋದ್ರೆ ಕೆಡ್ತಾನೆ. ಹೇಳು ಅವನಿಗೆ.”

“ನೀವೇ ಹೇಳಿ.”

“ನಾನ್ಯಾಕೆ ಹೇಳ್ಲಿ? ನನಗೂ ಅವನಿಗೂ ಏನು?” ಎಂದವರು ಆಗಲೇ ಗಾಳಿ ತುಂಬುವ ಪಂಪನ್ನು ತಂದು ನನ್ನ ಕೈಗೆ ತುರುಕಿದ್ದರು.

ನಾನೇ ಹೋಗಿ ಕೊಟ್ಟೆ. ತಮ್ಮ ಇಳಿದು ಟಯರನ್ನು ಒದ್ದು ನೋಡಿದ, ಆಮೇಲೆ ಕಿಟಕಿಯನ್ನು ನೋಡಿದ. ಪರದೆ ಅಲುಗಲಿಲ್ಲ. ಪಂಪನ್ನು ಒತ್ತುತ್ತ ಒತ್ತುತ್ತ ಅವನ ಅಂಗಿ ಬೆನ್ನಿಗೆ ಅಂಟಿತು. ಮುಗಿದ ಮೇಲೆ ಪಂಪನ್ನು ಗೇಟಿಗೆ ಒರಗಿಸಿಟ್ಟು, ಹಾರ್ನು ಮಾಡದೆ ಹೋದ. ತಿರುವಿನಲ್ಲಿ ನಿಧಾನ ಮಾಡಿದನೋ ಇಲ್ಲವೋ ಎಂದು ಇವರು ಹಿಮ್ಮಡಿ ಎತ್ತಿ ನೋಡುತ್ತಿದ್ದರು.

ಇವರ ನಾಲಿಗೆ ಒರಟು, ಆದರೆ ಮನಸ್ಸು ಚೊಕ್ಕ. ತಮ್ಮನ ಮನಸ್ಸು ಕೆಟ್ಟದ್ದೆಂದು ಹೇಳಲಾರೆ, ಆದರೆ

ಅತ್ತೆ ಕೂಗುತ್ತಿದ್ದಾರೆ. ಮೂರು ತಟ್ಟೆ ಸಾಕೋ, ನಾಲ್ಕು ಹಾಕಲೋ ಅಂತ.